ಮಡಚಿದ ಬೆರಳು

“ಗುರುಗಳೇ, ಮಕ್ಕಳು ಮಾತು ಕೇಳದಿದ್ದಾಗ ಸಣ್ಣದೊಂದು ಹೆದರಿಕೆ ಹಾಕಿದರೆ ತಪ್ಪೇ? ನಿನ್ನೆ ಒಂದು ಮಗುವಿಗೆ, ಸುಳ್ಳು ಹೇಳಿದರೆ ನಿನ್ನ ತಾಯಿಯ ಕಣ್ಣು ಹೋಗುತ್ತದೆ ಎಂದೆ. ಇಷ್ಟೊತ್ತಿಗೆ ಅದು ಮರೆತಿರುತ್ತದೆ,” ಎಂದ ಶಿಷ್ಯ. ಮಠದ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಅವನದು.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಹಿತ್ತಲಲ್ಲಿ ಕುಂಬಳ ಹಾಕುವಾಗ ಮಗಳನ್ನೂ ಕರೆದ. ಅವಳೇ ಬೀಜ ಊರಿದಳು, ಅವಳೇ ನೀರು ಹೊತ್ತಳು. ಮೊದಲ ಮಿಡಿ ಬಿಟ್ಟಾಗ ಓಣಿಯ ಮಕ್ಕಳನ್ನೆಲ್ಲ ಕರೆತಂದು, “ಅಗೋ, ನನ್ನದು!” ಎಂದು ಬೆರಳು ಚಾಚಿ ತೋರಿಸಿದಳು. ಕುಂಬಳದ ಮಿಡಿಗೆ ಬೆರಳು ಚಾಚಿದರೆ ಅದು ಕೊಳೆಯುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು ಎಂಬುದು ಆ ಊರಿನ ನಂಬಿಕೆ.

ಮಿಡಿ ಹಳದಿಯಾಗಿ ಕೊಳೆತು ಬಿತ್ತು. ಅದರ ಮೇಲೆ ನೊಣ ಚುಚ್ಚಿದ ಕಲೆಯಿತ್ತು. ರೈತ ಅದನ್ನು ಕಂಡ. ಆದರೆ ಮಕ್ಕಳು ದಿನವೂ ಬಂದು ಬಳ್ಳಿ ತುಳಿಯುತ್ತಿದ್ದರು.

“ನೋಡಿದೆಯಾ? ನಿನ್ನ ಬೆರಳು ತಗುಲಿಯೇ ಸತ್ತಿತು,” ಎಂದ.

ಮಗಳು ಅತ್ತಳು. ಮಕ್ಕಳು ಮತ್ತೆ ಹಿತ್ತಲಿಗೆ ಸುಳಿಯಲಿಲ್ಲ. ಆ ವರ್ಷ ಅಟ್ಟದ ತುಂಬ ಕಾಯಿ.

ಆಮೇಲೆ ಮನೆಯಲ್ಲಿ ಗಂಡುಮಗು ಹುಟ್ಟಿತು. ನೋಡಲು ಬಂದ ನೆರೆಮನೆಯ ಅಜ್ಜಿ ಹುಡುಗಿಯನ್ನು ಕೆಣಕಿದಳು: “ತಮ್ಮ ಬಂದಿದ್ದಾನಂತೆ, ಎಲ್ಲೇ? ತೊಟ್ಟಿಲಲ್ಲಿ ಬೆಕ್ಕು ಮಲಗಿದೆಯಲ್ಲೇ!” ಹುಡುಗಿ ರೇಗಿ ತೊಟ್ಟಿಲಿನತ್ತ ಬೆರಳು ಚಾಚಿ, “ಬೆಕ್ಕಲ್ಲ, ನನ್ನ ತಮ್ಮ!” ಎಂದಳು. ಎಲ್ಲರೂ ನಕ್ಕರು. ರೈತನೂ ನಕ್ಕ.

ಕೂಸು ಜ್ವರ ಬಂದು ತೀರಿಕೊಂಡಿತು.

ಅಂದಿನಿಂದ ಹುಡುಗಿಯ ಬಲಮುಷ್ಟಿ ಬಿಚ್ಚಲಿಲ್ಲ. ಎಡಗೈಯಲ್ಲಿ ಉಣ್ಣತೊಡಗಿದಳು. ತಾಯಿ ಬೈದಳು. ರೈತ ಮುಷ್ಟಿ ಬಿಡಿಸಲು ಹೋದ.

“ಬಿಡಪ್ಪ,” ಎಂದಳು, “ನಿನಗೂ ತಗುಲುತ್ತದೆ.”

ರೈತನಿಗೆ ಆಗ ತಿಳಿಯಿತು. ಮಿಡಿಯನ್ನು ಕೊಂದದ್ದು ನೊಣ ಎಂದ. ಅವಳು ಅಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳಿದೆ ಎಂದು ಅವಳ ಮುಂದೆ ಅತ್ತ. ಅವಳು ಎಡಗೈಯಲ್ಲಿ ಅವನ ಕಣ್ಣೊರೆಸಿದಳು. ಮುಷ್ಟಿ ಬಿಚ್ಚಲಿಲ್ಲ.

ಮರುವರ್ಷ ಮತ್ತೆ ಬೀಜ ಹಾಕಿದ. ಮಿಡಿ ಬಿಟ್ಟಾಗ ಅವಳ ಕೈಹಿಡಿದು, ಬಲವಂತದಿಂದ ಬೆರಳು ಬಿಡಿಸಿ ಅದರತ್ತ ತೋರಿಸಿದ. ಮುಂದೆ ದಿನವೂ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ಆ ಮಿಡಿಯನ್ನು ನೋಡುತ್ತಿದ್ದ. ಬೆಳೆಗಿಂತ ಅದೊಂದೇ ಅವನಿಗೆ ದೊಡ್ಡದಾಯಿತು. ಮಿಡಿ ಉಳಿಯಿತು. ಅವಳ ತೋಳ ತೆಕ್ಕೆಗೆ ಸಿಗದಷ್ಟು ದಪ್ಪವಾಗಿ ಹಣ್ಣಾಯಿತು.

“ನೋಡವ್ವ! ನಿನ್ನ ಬೆರಳು ಏನು ಮಾಡಿತು, ಹೇಳು?”

ಹುಡುಗಿ ಹಣ್ಣನ್ನು ನೋಡಿದಳು.

“ಇದನ್ನು ತೋರಿಸಿದ್ದು ನೀನಪ್ಪ. ನನ್ನ ಬೆರಳು ನಿನ್ನ ಕೈಯೊಳಗಿತ್ತು.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. “ಆಮೇಲೆ?” ಎಂದ ಶಿಷ್ಯ.

“ಏಳು, ತಾಯಿಗೆ ಕಣ್ಣು ನೋಯುವ ಮೊದಲೇ ಆ ಮಗುವಿನ ಬಳಿಗೆ ಹೋಗು.”