ಇನ್ನಾಸಪ್ಪನಿಗೆ ಬಾರದ ಮಾತು

ಹೊಳೆದಂಡೆಯ ಆಶ್ರಮದಲ್ಲಿ ಕೈಲಾಗದವರಿಗೆ ಗಂಜಿ ಕಾಯಿಸುವ ಕೆಲಸ ಇನ್ನಾಸಪ್ಪನದು. ಸವರಿಮುತ್ತು ಗುರುಗಳ ಶಿಷ್ಯನಾಗಿ ಬಂದು ಒಂಬತ್ತು ವರ್ಷವಾಗಿತ್ತು.

ಒಂದು ಮಧ್ಯಾಹ್ನ ಊರಿನವರು ಅವನ ಅಣ್ಣ ರಾಯಪ್ಪನನ್ನು ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿ ಹೋದರು. ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು. ಮಾತೂ ನಿಂತಿತ್ತು.

ಇನ್ನಾಸಪ್ಪ ನೋಡಿದ. ಒಳಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟ.

ಗುರುಗಳು ಹುಡುಕಿಕೊಂಡು ಬಂದರು.

“ಊರಲ್ಲಿ ಒಬ್ಬರ ಮನೆಗೆ ಯಾರೋ ಬೆಂಕಿ ಹಚ್ಚಿದರೆ, ಹಚ್ಚಿದವನು ನನ್ನ ತಮ್ಮನೇ ಅಂತ ಅಣ್ಣ ಕಟಕಟೆಯಲ್ಲಿ ನಿಂತು ಸುಳ್ಳುಸಾಕ್ಷಿ ಹೇಳಿದ, ಸ್ವಾಮಿ. ನಾಲ್ಕು ವರ್ಷ ಜೈಲಲ್ಲಿದ್ದೆ. ಅವ್ವ ಸತ್ತಾಗ ಒಂದು ಹಿಡಿ ಮಣ್ಣು ಹಾಕೋಕೂ ಆಗಲಿಲ್ಲ.”

“ಗೊತ್ತಪ್ಪ.”

“ಕ್ಷಮಿಸು ಅನ್ನಬೇಡಿ.”

“ನಾನೆಲ್ಲಿ ಅಂದೆ? ಅವನಿಗೆ ಹಸಿವಾಗಿದೆ.”

ಇನ್ನಾಸಪ್ಪ ಬಟ್ಟಲು ಹಿಡಿದು ಎದ್ದ.

ಅಂದಿನಿಂದ ಎರಡು ಹೊತ್ತೂ ಗಂಜಿ ಕುಡಿಸಿದ. ಸೊಟ್ಟ ಬಾಯಿಂದ ಸೋರಿದ್ದನ್ನು ಒರೆಸಿದ. ಮುಖ ಮಾತ್ರ ನೋಡಲಿಲ್ಲ. ತಿಂಗಳಾಗುವ ಹೊತ್ತಿಗೆ ಇನ್ನಾಸಪ್ಪನೇ ಸೊರಗಿಹೋಗಿದ್ದ.

“ಸಾಕಾಗಿದೆ, ಸ್ವಾಮಿ. ಕೆಲಸಕ್ಕಲ್ಲ, ಈ ದ್ವೇಷ ಹೊತ್ತು ಹೊತ್ತು ಸಾಕಾಗಿದೆ. ಇಳಿಸೋಣ ಅಂದರೆ ‘ಕ್ಷಮಿಸಿದೆ’ ಅನ್ನೋ ಮಾತು ಗಂಟಲಲ್ಲೇ ನಿಂತುಬಿಡ್ತದೆ.”

“ಶಿಲುಬೆಯ ಮೇಲೆ ಪ್ರಭು ಏನಂದರು?”

“ತಂದೆಯೇ, ಇವರನ್ನು ಕ್ಷಮಿಸು ಅಂದರು.”

“ಯಾರಿಗೆ ಅಂದರು?”

“ತಂದೆಗೆ.”

“ನೀನೂ ತಂದೆಗೇ ಹೇಳು.”

ಮರುದಿನ ಬೆಳಿಗ್ಗೆ ಅಣ್ಣನ ಪಕ್ಕ ಕೂತು ಮೊದಲ ಸಲ ಅವನ ಮುಖ ನೋಡಿದ. ಗಡ್ಡ ಬೆಳೆದಿತ್ತು. ಕಣ್ಣು ಥೇಟ್ ಅವ್ವನದೇ.

“ತಂದೆಯೇ,” ಅಂದ, “ನನ್ನ ಕೈಲಿ ಆಗ್ತಿಲ್ಲ. ನೀನಾದರೂ ಇವನನ್ನು ಕ್ಷಮಿಸು.”

ರಾಯಪ್ಪನ ಗಂಟಲಿಂದ ಏನೋ ಸದ್ದು ಹೊರಟಿತು. ಆಡುತ್ತಿದ್ದ ಒಂದೇ ಕೈಯಿಂದ ತಮ್ಮನ ಅಂಗಿ ಹಿಡಿದುಕೊಂಡ. ಬಿಡಲಿಲ್ಲ. ಇನ್ನಾಸಪ್ಪನೂ ಬಿಡಿಸಿಕೊಳ್ಳಲಿಲ್ಲ. ಅಳುತ್ತ ಕೂತವರ ಮುಂದೆ ಗಂಜಿ ಆರಿಹೋಯಿತು.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಗುರುಗಳ ಪಕ್ಕ ಬಂದು ಕೂತ.

“ದ್ವೇಷ ಇಳೀತು ಅನ್ನಿಸ್ತದೆ, ಸ್ವಾಮಿ. ಆದರೆ ಅವ್ವನ ನೆನಪಾದರೆ ಇನ್ನೂ ಹಾಗೇ ನೋಯ್ತದೆ. ನಾನು ಕ್ಷಮಿಸಿದ್ದೇ ಸುಳ್ಳೇನೋ?”

ಗುರುಗಳು ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

“ಸಮಾಧಿಯಿಂದ ಎದ್ದು ಬಂದ ಮೇಲೂ ಪ್ರಭುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಇನ್ನಾಸಪ್ಪ.”