ಸವೆದ ಬ್ರೇಕಿನ ಸವಾರ

“ಗುರುಗಳೇ, ನಮ್ಮ ಜೀವ ಕಾಯಲೆಂದೇ ಮಾಡಿದ ನಿಯಮವನ್ನು ನಾವೇ ಏಕೆ ನಂಬುವುದಿಲ್ಲ?” ಎಂದು ಶಿಷ್ಯನೊಬ್ಬನು ಕೇಳಿದನು. ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದನು. ಹೋಟೆಲುಗಳ ಊಟವನ್ನು ಮನೆಮನೆಗೆ ಮುಟ್ಟಿಸುವುದು ಅವನ ವ್ಯವಹಾರ. ಅದಕ್ಕಾಗಿ ಮೂವತ್ತು ಮಂದಿ ಬೈಕು ಸವಾರರನ್ನು ಇಟ್ಟುಕೊಂಡಿದ್ದನು. ಒಂದು ದಿನ ಅವನು ಅಂಗಡಿಯ ಗೋಡೆಯ ಮೇಲೆ ಹೀಗೆ ಬರೆಯಿಸಿದನು: ‘ಬ್ರೇಕು ಸವೆದವರು ಬಂದು ಹೇಳಿ. ಗಾಡಿಯನ್ನು ನಾವೇ ರಿಪೇರಿ ಮಾಡಿಸುತ್ತೇವೆ. ಯಾರನ್ನೂ ದೂರುವುದಿಲ್ಲ.’

ಒಬ್ಬ ಸವಾರನ ಬ್ರೇಕು ಸವೆದಿತ್ತು. ಅವನು ಆ ಬರಹವನ್ನು ಎರಡು ಸಲ ಓದಿದನು. ಕೇಳದೆಯೇ ಇಷ್ಟು ಉಪಕಾರ ಮಾಡಲು ಇವನಿಗೇನು ಬಂದಿದೆ ಎಂದುಕೊಂಡನು. ಯಾರ ಗಾಡಿ ಕೆಟ್ಟಿದೆಯೆಂದು ತಿಳಿದುಕೊಂಡು ಒಬ್ಬೊಬ್ಬರನ್ನಾಗಿ ಕೈಬಿಡುವ ಉಪಾಯವೇ ಇರಬೇಕು. ಮೊದಲು ಬೇರೆ ಯಾರಾದರೂ ಹೇಳಲಿ ಎಂದು ಸುಮ್ಮನಾದನು.

ಅವನ ಜೊತೆಗಾರ ಸಿದ್ಧೇಶನು ಹೋಗಿ ಹೇಳಿದನು. ವರ್ತಕನು ಗದರಲಿಲ್ಲ, ಅಂದೇ ಹೊಸ ಬ್ರೇಕು ಹಾಕಿಸಿಕೊಟ್ಟನು. ಸವಾರನ ಶಂಕೆ ಅರ್ಧ ಇಳಿಯಿತು. ಆದರೆ ಮರುದಿನ ಸಿದ್ಧೇಶನ ಪಾಲಿಗೆ ಬಂದದ್ದೆಲ್ಲ ಗುಡ್ಡದಾಚೆಯ ಬಡಾವಣೆಯ ಊಟ. ಅದರ ಮರುದಿನವೂ ಅದೇ. ಊರೊಳಗಿನವರು ಹತ್ತು ಊಟ ಮುಟ್ಟಿಸುವ ಹೊತ್ತಿಗೆ ಅವನು ನಾಲ್ಕು ಮುಟ್ಟಿಸುತ್ತಿದ್ದನು; ಕೂಲಿಯೂ ಊಟದ ಲೆಕ್ಕದಲ್ಲೇ.

“ಏನಪ್ಪಾ, ಹೊಸ ಬ್ರೇಕು ಹೇಗಿದೆ?” ಎಂದು ಸವಾರನು ಕೇಳಿದನು.

“ಬ್ರೇಕು ಚೆನ್ನಾಗಿದೆ ಕಣಯ್ಯ, ಬೆನ್ನು ಹೋಗಿದೆ. ನೀನೂ ಹೋಗಿ ಹೇಳು. ಗುಡ್ಡದ ಗಾಳಿಯನ್ನು ಒಬ್ಬನೇ ಕುಡಿದು ಸಾಕಾಗಿದೆ,” ಎಂದು ಸಿದ್ಧೇಶನು ನಕ್ಕನು.

ಸವಾರನು ನಗಲಿಲ್ಲ. ಇದು ಶಿಕ್ಷೆಯೇ ಎಂದು ಅವನಿಗೆ ಖಚಿತವಾಯಿತು. ಅಂದಿನಿಂದ, ಬ್ರೇಕು ಕಿರುಗುಟ್ಟಿದ್ದು ಯಾರ ಕಿವಿಗೂ ಬೀಳಬಾರದೆಂದು, ಅಂಗಡಿಯ ಮುಂದೆ ಕಾಲೂರಿ ಗಾಡಿ ನಿಲ್ಲಿಸತೊಡಗಿದನು. ಯಾರಾದರೂ ಚಕ್ರದ ಕಡೆ ನೋಡಿದರೆ ಬೇರೆ ಮಾತು ತೆಗೆಯುತ್ತಿದ್ದನು.

ಹದಿನೈದು ದಿನ ಹೀಗೆ ಕಳೆಯಿತು. ಹದಿನಾರನೆಯ ಮಧ್ಯಾಹ್ನ ಮಾರುಕಟ್ಟೆಯ ಬಳಿ ಆಟೋ ಒಂದು ಅಡ್ಡ ಬಂತು. ಸವಾರನು ಬ್ರೇಕು ಒತ್ತಿದನು, ಗಾಡಿ ನಿಲ್ಲಲಿಲ್ಲ. ಅವನ ಬಲಗಾಲು ಎರಡು ಕಡೆ ಮುರಿಯಿತು. ಇನ್ನು ಬೈಕು ಹತ್ತುವ ಮಾತೇ ಇಲ್ಲವೆಂದರು ವೈದ್ಯರು.

ವರ್ತಕನು ಆಸ್ಪತ್ರೆಗೆ ಓಡಿಬಂದನು. ಅವನ ಕಣ್ಣು ತುಂಬಿತ್ತು. “ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿಸಿದ್ದೆನಲ್ಲಪ್ಪಾ, ಒಂದು ಮಾತು ಹೇಳಬಾರದಿತ್ತೇ?” ಎಂದನು.

“ಸಿದ್ಧೇಶ ಹೇಳಿದ್ದ, ಯಜಮಾನರೇ. ಅವನನ್ನು ಗುಡ್ಡ ಹತ್ತಿಸಿದಿರಿ.”

ವರ್ತಕನು ಬೆರಗಾದನು. “ಆ ಗುಡ್ಡದ ಇಳಿಜಾರಿಗೆ ಹೊಸ ಬ್ರೇಕಿನ ಗಾಡಿಯೇ ಬೇಕಲ್ಲವೇ? ಉಳಿದವರನ್ನು ಯಾವ ಧೈರ್ಯದ ಮೇಲೆ ಕಳಿಸಲಿ?”



ಕತೆಯನ್ನು ಕೇಳಿದ ಶಿಷ್ಯನು, “ಹಾಗಾದರೆ ವರ್ತಕನಲ್ಲಿ ದೋಷವಿರಲಿಲ್ಲ. ಸವಾರನ ಕಾಲು ಮುರಿದದ್ದು ಅವನ ಶಂಕೆಯೇ,” ಎಂದನು.

ಗುರುಗಳು ಹೇಳಿದರು: “ಸಿದ್ಧೇಶನನ್ನು ಗುಡ್ಡಕ್ಕೆ ಕಳಿಸಿದ ದಿನ ಎಲ್ಲರೆದುರು ಆಡಬೇಕಾಗಿದ್ದ ಮಾತನ್ನು ವರ್ತಕನು ಆಡಿದ್ದು ಆಸ್ಪತ್ರೆಯಲ್ಲಿ.”