ಎರಡನೆಯವನು ಒತ್ತಿದ ಗುಂಡಿ

ಶಾಂಭವಿ ಕೇಳಿದಳು: “ಗುರುಗಳೇ, ಪ್ರೋಗ್ರಾಮಿನಲ್ಲಿ ಸೊನ್ನೆಯಾಗಿ ನಂದಿರುವ ಬಿಟ್, ‘ಆರ್’ (OR) ಹಾಕಿದರೂ ಒಂದಾಗಿ ಹೊತ್ತುತ್ತದೆ, ‘ಎಕ್ಸಾರ್’ (XOR) ಹಾಕಿ ತಿರುಗಿಸಿದರೂ ಹೊತ್ತುತ್ತದೆ. ಉತ್ತರ ಒಂದೇ ಆದಮೇಲೆ, ನಾನು ಎಕ್ಸಾರ್ ಬರೆದದ್ದಕ್ಕೆ ನೀವೇಕೆ ಅಡ್ಡಗೆರೆ ಎಳೆದಿರಿ?”

ಗುರುಗಳಾದ ತೋಂಟದಾರ್ಯರು ಉತ್ತರವಾಗಿ ಒಂದು ಕಥೆ ಹೇಳತೊಡಗಿದರು.

ಒಂದು ಸಕ್ಕರೆ ಕಾರ್ಖಾನೆ. ಅಲ್ಲಿ ಕಬ್ಬಿನ ಪಾಕ ತಿರುವುವ ಉಕ್ಕಿನ ತೊಟ್ಟಿಯೊಂದಿತ್ತು. ಆಳೆತ್ತರಕ್ಕಿಂತ ಆಳ, ನಡುವೆ ತಿರುಗುವ ಅಲಗುಗಳು. ಹಂಗಾಮು ಮುಗಿದ ಮೇಲೆ ಕೂಲಿಯವನು ಅದರೊಳಗೆ ಇಳಿದು, ಗೋಡೆಗೆ ಅಂಟಿದ ಕರಕಲನ್ನು ಕೆರೆದು ತೆಗೆಯಬೇಕು. ಹಿಂದೆ ಮೇಲೊಬ್ಬ ನಿಂತು ‘ಒಳಗೆ ಆಳಿದ್ದಾನೆ’ ಎಂದು ಕೂಗುತ್ತಿದ್ದ. ಒಮ್ಮೆ ಆ ಕೂಗು ಕೇಳಿಸದೆ ಒಬ್ಬನ ಕೈ ಹೋಯಿತು. ಆಗ ಮಾಲೀಕರು ಒಬ್ಬ ಪ್ರೋಗ್ರಾಮರನನ್ನು ಕರೆಸಿದರು. ಅವನು ಜಾಣ, ಒಳ್ಳೆಯವನು. ಇನ್ನು ಯಾರಿಗೂ ಏಟಾಗಬಾರದು ಎಂದುಕೊಂಡೇ ಕೆಲಸಕ್ಕೆ ಕೂತ.

ತೊಟ್ಟಿಯ ಸ್ಥಿತಿಯನ್ನೆಲ್ಲ ಅವನು ಒಂದೇ ಸಂಖ್ಯೆಯಲ್ಲಿ ಫ್ಲ್ಯಾಗ್‌ಗಳಾಗಿ, ಅಂದರೆ ಒಂದೊಂದಕ್ಕೂ ಒಂದು ಬಿಟ್‌ನ ಗುರುತಾಗಿ, ಇಟ್ಟ. ಪಾಕ ತುಂಬಿದ್ದರೆ ಒಂದು, ಹಬೆ ಹರಿಯುತ್ತಿದ್ದರೆ ಎರಡು, ಅಲಗು ಓಡುತ್ತಿದ್ದರೆ ನಾಲ್ಕು, ಒಳಗೆ ಮನುಷ್ಯನಿದ್ದರೆ ಎಂಟು. ಹೇಗೆ ಬೆರೆಸಿದರೂ ಒಂದರ ಗುರುತು ಇನ್ನೊಂದನ್ನು ಮುಟ್ಟುವುದಿಲ್ಲ. ಅಲಗು ಓಡಿಸುವ ಮುನ್ನ ಯಂತ್ರವು ‘ಆಂಡ್’ ಹಾಕಿ ಎಂಟರ ಬಿಟ್ ಒಂದನ್ನೇ ಸೋಸಿ ನೋಡುತ್ತಿತ್ತು. ಅದು ಹೊತ್ತಿದ್ದರೆ, ಯಾರು ಏನು ಮಾಡಿದರೂ ಅಲಗು ಕದಲದು. ಇಲ್ಲಿಯವರೆಗೆ ಒಂದಕ್ಷರವೂ ತಪ್ಪಿರಲಿಲ್ಲ.

ಇಳಿಯುವಾಗ ಆ ಬಿಟ್ ಹೊತ್ತಿಸಲು ಒಂದು ಗುಂಡಿ, ಮೇಲೆ ಬಂದಾಗ ನಂದಿಸಲು ಇನ್ನೊಂದು ಗುಂಡಿ ಬೇಕಿತ್ತು. ಎರಡೇಕೆ ಎನಿಸಿತು ಅವನಿಗೆ. ಎಕ್ಸಾರ್ ಬರೆದರೆ ಒಂದೇ ಗುಂಡಿ ಸಾಕು: ನಂದಿದ್ದರೆ ಹೊತ್ತುತ್ತದೆ, ಹೊತ್ತಿದ್ದರೆ ನಂದುತ್ತದೆ. ಹಾಗೆಯೇ ಬರೆದ. ತಾನೇ ಗುಂಡಿ ಒತ್ತಿ ತೊಟ್ಟಿಗೆ ಇಳಿದ, ಓಡಿಸಿ ನೋಡಿದರೂ ಅಲಗು ಓಡಲಿಲ್ಲ. ಮೇಲೆ ಬಂದು ಮತ್ತೆ ಒತ್ತಿದ; ಓಡಿಸಿದರೆ ಓಡಿತು. ಆಮೇಲೆ ಕೂಲಿಯವರನ್ನೆಲ್ಲ ಸೇರಿಸಿ ಹೇಳಿದ: “ಯಾರೇ ಆಗಲಿ, ಈ ಗುಂಡಿ ಒತ್ತದೆ ಒಳಗೆ ಇಳಿಯಕೂಡದು. ಇದು ನಿಮ್ಮ ಜೀವದ ಪ್ರಶ್ನೆ.”

ಅವರು ಆ ಮಾತನ್ನು ಮರೆಯಲಿಲ್ಲ.

ತೊಟ್ಟಿಗೆ ಒಬ್ಬನೇ ಇಳಿಯುವುದು ವಾಡಿಕೆ. ಆದರೆ ಆ ವರ್ಷ ಕರಕಲು ಕಲ್ಲಿನಂತೆ ಕಚ್ಚಿಕೊಂಡಿತ್ತು. ಗುಂಡಿ ಒತ್ತಿ ಇಳಿದವನು ಕೆರೆದು ಕೆರೆದು ಸೋತ. ಅವನ ಹೆಂಡತಿಯ ತಮ್ಮನೂ ಅಲ್ಲೇ ಕೂಲಿಗಿದ್ದ. ಬಗ್ಗಿ ನೋಡಿದರೆ ಭಾವ ಏದುಸಿರು ಬಿಡುತ್ತಿದ್ದಾನೆ. “ತಡಿ ಭಾವ, ನಾನೂ ಬಂದೆ” ಎಂದ. ಉಳಿ ಸುತ್ತಿಗೆ ಎತ್ತಿಕೊಂಡ. ಇಳಿಯುವ ಮೊದಲು, ಹೇಳಿಕೊಟ್ಟಂತೆ, ಗುಂಡಿ ಒತ್ತಿದ.

ಗೋಡೆಯಾಚೆ ಯಂತ್ರ ನಡೆಸುವವನ ಮುಂದೆ, ಒಳಗೆ ಮನುಷ್ಯನಿದ್ದಾನೆಂದು ತೋರಿಸುತ್ತ ಉರಿಯುತ್ತಿದ್ದ ಕೆಂಪು ದೀಪ ನಂದಿತು. ಕೆರೆಯುವವನು ಮೇಲೆ ಬಂದನೆಂದು ಅವನು ತಿಳಿದ. ಕೆರೆದಾದ ಮೇಲೆ ನೀರು ಹಾಯಿಸಿ, ಅಲಗು ಓಡಿಸಿ ತೊಳೆಯಬೇಕು. ಓಡಿಸಿದ. ಯಂತ್ರ ಎಂಟರ ಬಿಟ್ ನೋಡಿತು. ನಂದಿತ್ತು. ತಡೆಯಲಿಲ್ಲ.

ಯಾರು ಯಾರೆಂದು ತಿಳಿಯಲು ಬಟ್ಟೆ ನೋಡಬೇಕಾಯಿತು.

ಗುಂಡಿ ಒತ್ತಲು ಮರೆತರು ಎಂದರು ಕಾರ್ಖಾನೆಯವರು. ಊರು ನಂಬಿತು. ಪ್ರೋಗ್ರಾಮರನೂ ನಂಬಿದ. ನಂಬಿದಾಗ ಎದೆಯ ಭಾರ ಇಳಿದಂತಾಯಿತು ಅವನಿಗೆ. ಆದರೆ ಯಂತ್ರ ನಡೆಸುವವನು ಅಳುತ್ತ ಒಂದು ಮಾತು ಹೇಳಿದ: “ದೀಪ ಉರಿಯುತ್ತಲೇ ಇತ್ತು ಸ್ವಾಮಿ. ನಡುವೆ ನಂದಿತು.”

ಮರೆತಿದ್ದರೆ ಅದು ಉರಿಯುತ್ತಲೇ ಇರಲಿಲ್ಲ. ಪ್ರೋಗ್ರಾಮರ್ ತಾನು ಬರೆದದ್ದನ್ನು ತೆರೆದು ಕೂತ. ಮೊದಲ ಒತ್ತಿಗೆ ಬಿಟ್ ಹೊತ್ತಿತು. ಎರಡನೆಯ ಒತ್ತಿಗೆ ನಂದಿತು. ಆರ್ ಎಂದು ಬರೆದಿದ್ದರೆ, ಹತ್ತು ಜನ ಒತ್ತಿದರೂ ಹೊತ್ತಿದ್ದು ಹೊತ್ತಿಯೇ ಇರುತ್ತಿತ್ತು.

ಮಾಲೀಕರ ಬಳಿ ಹೋಗಿ ತಪ್ಪು ತನ್ನದೆಂದ. ಸರಿಪಡಿಸಿ ಬಾಯಿ ಮುಚ್ಚಿಕೊಂಡಿರು ಎಂದರು ಅವರು. ಅವನು ಸರಿಪಡಿಸಿದ. ಒಬ್ಬೊಬ್ಬ ಕೂಲಿಗೂ ಅವನದೇ ಒಂದು ಬಿಟ್, ಅವನದೇ ಎರಡು ಗುಂಡಿ. ಇಳಿಯುವಾಗ ಆರ್. ಮೇಲೆ ಬಂದವನು ತನ್ನದೊಂದನ್ನೇ ಅಳಿಸಬಹುದು, ಪಕ್ಕದವನದನ್ನಲ್ಲ. ಎಲ್ಲರದೂ ಸೊನ್ನೆಯಾಗದೆ ಅಲಗು ಓಡದು. ಆದರೆ ಬಾಯಿ ಮುಚ್ಚಿಕೊಂಡಿರಲು ಅವನಿಂದ ಆಗಲಿಲ್ಲ. ಸತ್ತವರ ಮನೆಗೆ ಹೋದ.

ಗಂಡನನ್ನೂ ತಮ್ಮನನ್ನೂ ಒಟ್ಟಿಗೆ ಕಳೆದುಕೊಂಡವಳು ಬಾಗಿಲಲ್ಲಿ ಕೂತಿದ್ದಳು. ಅವಳೇ ಮೊದಲು ಕೇಳಿದಳು: “ಮರೆತರು ಅಂತಾರಲ್ಲ, ನಿಜವೇ? ನನ್ನ ತಮ್ಮ ಅಂಥವನಲ್ಲ.”

“ಮರೆಯಲಿಲ್ಲ ತಾಯಿ. ಇಬ್ಬರೂ ಒತ್ತಿದರು.”

“ಮತ್ತೆ ಯಾಕೆ ಸತ್ತರು?”

ಸುಳ್ಳು ಹೇಳಲು ಅವನು ಬಂದಿರಲಿಲ್ಲ. “ಮೊದಲನೆಯವರು ಒತ್ತಿದಾಗ ದೀಪ ಹೊತ್ತಿತು. ಎರಡನೆಯವರು ಒತ್ತಿದಾಗ ನಂದಿತು,” ಎಂದ.

“ಎರಡನೆಯವನು ಯಾರು?” ಎಂದಳು.

ಆಗ ಅವನಿಗೆ ತಾನು ಏನು ಹೇಳಿಬಿಟ್ಟೆ ಎಂಬುದು ಹೊಳೆಯಿತು. ತಪ್ಪು ನನ್ನದು, ಬರೆದವನು ನಾನು, ನಿಮ್ಮ ತಮ್ಮ ನಾನು ಹೇಳಿದಂತೆಯೇ ಮಾಡಿದ ಎಂದು ಕೈ ಮುಗಿದು ಹೇಳಿದ. ಬಿಟ್ ಎಂದರೇನು, ತಿರುಗಿಸುವುದೆಂದರೇನು ಎಂದು ಬಿಡಿಸಿ ಹೇಳಿದ. ಅವಳು ಕೇಳಿಸಿಕೊಳ್ಳಲಿಲ್ಲ. ಎದ್ದು ಒಳಗೆ ಹೋದಳು. ಗೋಡೆಯ ಮೇಲೆ ಇಬ್ಬರ ಪಟಕ್ಕೂ ಹೂವು ಹಾಕಿತ್ತು. ಒಂದರ ಹೂವನ್ನು ತೆಗೆದು ಬೀದಿಗೆ ಎಸೆದಳು.

ತೋಂಟದಾರ್ಯರು ಅಲ್ಲಿಗೆ ನಿಲ್ಲಿಸಿದರು.

ಶಾಂಭವಿ ಮೆಲ್ಲಗೆ ಕೇಳಿದಳು: “ಕೊನೆಗಾದರೂ ಆಕೆ ಪ್ರೋಗ್ರಾಮರನನ್ನು ಕ್ಷಮಿಸಿದಳೇ?”

ಗುರುಗಳು ಹೇಳಿದರು: “ಕ್ಷಮಿಸಲು ಅವನ ತಪ್ಪು ಆಕೆಗೆ ಕಾಣಿಸಲೇ ಇಲ್ಲ, ಇಂದಿಗೂ ತಮ್ಮನನ್ನೇ ಶಪಿಸುತ್ತಾಳೆ.”